ಹಲ್ಲಿಲ್ಲದವರ ಪಾಲು

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ತಿಳಿಯದು. ಆದರೆ ಅವರು ಊಟದ ಪಂಕ್ತಿಯ ಕೊನೆಯ ಎಲೆಯವರೆಗೆ ಕಣ್ಣು ಹಾಯಿಸಿದವರು ಎಂಬುದರಲ್ಲಿ ಸಂದೇಹವಿಲ್ಲ. ಗಾದೆಯಲ್ಲಿ ತಪ್ಪೆಲ್ಲ ವಿಧಿಯದು. ಅಡುಗೆಯವರದು ಏನೂ ಇಲ್ಲ. ವಿಚಾರಿಸಿ ನೋಡಿದರೆ ಅದು ಅರ್ಧ ಮಾತ್ರ ನಿಜ. ಉದುರಿದ ಹಲ್ಲನ್ನು ಮರಳಿ ಕೊಡುವುದು ಯಾವ ಗೃಹಿಣಿಯ ಕೈಯಲ್ಲಿಯೂ ಇಲ್ಲ. ಕಡಲೆಯನ್ನು ರಾತ್ರಿಯೇ ನೆನೆಹಾಕಿ ಮರುದಿನ ಬೆಣ್ಣೆಯಂತೆ ಬೇಯಿಸುವುದು ಎಲ್ಲರ ಕೈಯಲ್ಲಿಯೂ ಇದೆ.

ಕಡಲೆಗೆ ಸಲ್ಲುವ ಈ ಮಾತು ಮಾಂಸಕ್ಕೂ ಸಲ್ಲುತ್ತದೆ. ಶಾಕಾಹಾರಿಗಳಾದ ವಾಚಕರು ಇಷ್ಟಕ್ಕೇ ಪುಟ ಮಗುಚಬೇಕಾಗಿಲ್ಲ. ಬಲಿತ ಅವರೆಕಾಳು, ನಾರುಗಟ್ಟಿದ ನುಗ್ಗೆಕಾಯಿ, ಒಳಗೆ ಬೇಯದೆ ಹೊರಗೆ ಕರಿದ ಬದನೆಕಾಯಿ ಇವೆಲ್ಲವೂ ಮನೆಯ ಹಿರಿಯರನ್ನು ಮಾಂಸದಷ್ಟೇ ಪೀಡಿಸಬಲ್ಲವು. ಆದರೆ ಮೆದುತನದ ಪರೀಕ್ಷೆ ಅತ್ಯಂತ ಕಠಿಣವಾಗುವುದು ಮಾಂಸದಲ್ಲಿ. ಆದುದರಿಂದ ಅದನ್ನೇ ಉದಾಹರಣೆಗೆ ಎತ್ತಿಕೊಳ್ಳುವುದು ಯೋಗ್ಯ.

ಹುಬ್ಬಳ್ಳಿಯಿಂದ ಕಾರವಾರದ ದಾರಿ ಹಿಡಿದರೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಕಲಘಟಗಿ ಸಿಗುತ್ತದೆ. ಬಯಲುಸೀಮೆ ಇಲ್ಲಿಗೆ ಮುಗಿಯುತ್ತ ಬಂದು ಮಲೆನಾಡಿನ ಸೆರಗು ಕಾಣಿಸತೊಡಗುತ್ತದೆ. ಜೋಳದ ರೊಟ್ಟಿಯೂ ಬತ್ತದ ಗದ್ದೆಯ ಅನ್ನವೂ ಒಂದೇ ತಾಟಿನಲ್ಲಿ ನೆರೆಹೊರೆಯವರಂತೆ ಕೂಡುವುದು ಇಂತಹ ಸೀಮೆಯಲ್ಲಿ. ಊರಿನ ಹೆಸರನ್ನು ನಾಡಿನಾದ್ಯಂತ ಹರಡಿದ್ದು ಮಾತ್ರ ತೊಟ್ಟಿಲು. ಕಲಘಟಗಿಯ ಬಣ್ಣದ ಮರದ ತೊಟ್ಟಿಲೆಂದರೆ ಬಾಣಂತಿಯ ತವರಿನವರು ಹೆಮ್ಮೆಯಿಂದ ಹೊತ್ತು ತರುವ ವಸ್ತು. ಒಂದು ತೊಟ್ಟಿಲಲ್ಲಿ ಎರಡು ಮೂರು ತಲೆಮಾರಿನ ಕೂಸುಗಳು ತೂಗಿಸಿಕೊಂಡ ಮನೆಗಳುಂಟು. ಇನ್ನೂ ಹಲ್ಲು ಬಾರದವರಿಗಾಗಿ ಇಷ್ಟು ಅಕ್ಕರೆ ತೋರುವ ಊರಿನಲ್ಲಿ ಹಲ್ಲು ಹೋದವರ ಸಮಾಚಾರವೇನು ಎಂಬುದು ಕೇಳತಕ್ಕ ಪ್ರಶ್ನೆಯೇ ಸರಿ.

ಆ ಊರಿನ ಒಂದು ಮನೆಯಲ್ಲಿ ಆ ಪ್ರಶ್ನೆ ಎದ್ದಿತು. ಮನೆಯ ಹಿರಿಯರು ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು, ವಯಸ್ಸು 82. ಮಗ ದಿನವೂ ಬಸ್ಸು ಹಿಡಿದು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುವವನು. ಸೊಸೆಯೂ ಶಿಕ್ಷಕಿ. ಮಾಸ್ತರರ ಹೆಂಡತಿಗೆ ಕಣ್ಣು ಮಂಜಾಗಿದ್ದರೂ ಮಾತು ಮಂಜಾಗಿಲ್ಲ. ಆ ಮನೆಯಲ್ಲಿ ರವಿವಾರವೆಂದರೆ ಮಟನ್ ಎಂಬುದು ಬಹುಕಾಲದ ರೂಢಿ. ಬೆಳಗ್ಗೆ ತಂದ ಮಾಂಸ ಕುಕ್ಕರಿನಲ್ಲಿ ಐದಾರು ಸಿಳ್ಳೆ ಹೊಡೆದು ಮಧ್ಯಾಹ್ನದ ಹೊತ್ತಿಗೆ ತಾಟಿಗೆ ಬರುತ್ತಿತ್ತು. ಎಲ್ಲರೂ ಉಣ್ಣುತ್ತಿದ್ದರು. ಮಾಸ್ತರರೂ ಎಲ್ಲರೊಡನೆ ಕುಳಿತು, ಎಲ್ಲರೊಡನೆ ಏಳುತ್ತಿದ್ದರು.

ವ್ಯತ್ಯಾಸವನ್ನು ಮೊದಲು ಕಂಡದ್ದು ಸೊಸೆ. ಮಾವನವರ ತಾಟಿನಲ್ಲಿ ರೊಟ್ಟಿಯ ಚೂರಿನ ಕೆಳಗೆ ಮಾಂಸದ ತುಂಡುಗಳು ಅಡಗಿ ಕುಳಿತಿರುತ್ತಿದ್ದವು. ಅವರು ಕೈತೊಳೆಯಲು ಹಿತ್ತಲಿಗೆ ಹೋದಾಗ ಅವು ಬೆಕ್ಕಿನ ಪಾಲಾಗುತ್ತಿದ್ದವು. ಬೆಕ್ಕು ದಿನದಿನಕ್ಕೆ ದುಂಡಗಾಗುತ್ತಿತ್ತು. ಮಾಸ್ತರರ ಅಂಗಿ ದಿನದಿನಕ್ಕೆ ಸಡಿಲವಾಗುತ್ತಿತ್ತು.

“ಯಾಕ್ರಿ ಮಾವಾರ, ತುಂಡ ಹಂಗ ಬಿಟ್ಟೀರಿ?” ಎಂದು ಆಕೆ ಕೇಳಿದರೆ, “ಹೊಟ್ಟಿ ತುಂಬೇತವ್ವಾ,” ಎಂಬುದೇ ಉತ್ತರ. ಕಟ್ಟಿಸಿಕೊಟ್ಟ ಹಲ್ಲಿನ ಸೆಟ್ಟು ಒಸಡಿಗೆ ಒತ್ತಿ ನೋಯಿಸುತ್ತಿದ್ದುದರಿಂದ ಅದು ಕನ್ನಡಕದ ಪೆಟ್ಟಿಗೆಯ ನೆರೆಯಲ್ಲಿ ವಿಶ್ರಾಂತಿ ಪಡೆಯುತ್ತಿತ್ತು. ಅದನ್ನು ಹೇಳಿ ಮಗನಿಗೆ ಇನ್ನೊಂದು ಖರ್ಚನ್ನು ಹೊರಿಸಲು ಅವರಿಗೆ ಮನಸ್ಸಿರಲಿಲ್ಲ.

ವಯಸ್ಸಾದವರ ದೇಹದಲ್ಲಿ ಸ್ನಾಯು ತಾನಾಗಿಯೇ ಕರಗುತ್ತ ಹೋಗುತ್ತದೆ. ಅದನ್ನು ತಡೆಹಿಡಿಯಲು ಸ್ವಲ್ಪ ನಡಿಗೆ, ಸ್ವಲ್ಪ ಶ್ರಮದ ಜೊತೆಗೆ ಪ್ರೋಟೀನು ಬೇಕು; ಕೆಲವು ವೇಳೆ ತರುಣರಿಗಿಂತಲೂ ಹೆಚ್ಚು ಬೇಕು. ಆದರೆ ಹಲ್ಲು ಹೋದವರು ಮೊಟ್ಟಮೊದಲು ಬಿಡುವ ಪದಾರ್ಥಗಳು ಅಗಿಯಬೇಕಾದವುಗಳೇ. ಅನ್ನ, ಸಾರು, ಚಹಾದಲ್ಲಿ ಅದ್ದಿದ ಬಿಸ್ಕೀಟು ಇಷ್ಟರಲ್ಲಿ ದಿನ ಕಳೆಯುತ್ತದೆ. ಹೊಟ್ಟೆ ತುಂಬುತ್ತದೆ, ಕಾಲಿನ ಬಲ ಇಳಿಯುತ್ತದೆ, ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದಾಗ ಮನೆಯವರು ನೆಲದ ಪಾಚಿಯನ್ನು ಬೈಯುತ್ತಾರೆ. ಮಾಸ್ತರರನ್ನು ಪರೀಕ್ಷಿಸಿದ ವೈದ್ಯರೂ ಊಟದ ವಿಷಯವನ್ನೇ ಒತ್ತಿ ಹೇಳಿದರು.

ಸೊಸೆ ಬುದ್ಧಿವಂತೆ. ಮುಂದಿನ ರವಿವಾರ ಮಾವನವರ ಪಾಲಿನ ಮಾಂಸವನ್ನು ಮಿಕ್ಸಿಯಲ್ಲಿ ಹಾಕಿ ನುಣ್ಣಗೆ ಅರೆದು, ತುಪ್ಪ ಬೆರೆಸಿ ಬಟ್ಟಲಿನಲ್ಲಿ ತಂದಿಟ್ಟಳು. ಮಾಸ್ತರರು ಬಟ್ಟಲನ್ನು ನೋಡಿದರು. ಎದುರಿಗೆ ಎಲುಬು ಚೀಪುತ್ತಿದ್ದ ಮೊಮ್ಮಗನನ್ನು ನೋಡಿದರು. “ನಾ ಏನ್ ತೊಟ್ಟಲದಾನ ಕೂಸೇನವಾ?” ಎಂದರು. ಕೋಪದಿಂದ ಅಂದದ್ದಲ್ಲ, ನಗುತ್ತಲೇ ಅಂದದ್ದು. ಆದರೆ ಬಟ್ಟಲು ಹಾಗೆಯೇ ಉಳಿಯಿತು.

ಸಮಸ್ಯೆಯ ನಿಜವಾದ ರೂಪ ಆಗ ಸ್ಪಷ್ಟವಾಯಿತು. ಹಿರಿಯರಿಗೆ ಬೇಕಾದದ್ದು ಪುಷ್ಟಿ ಮಾತ್ರವಲ್ಲ. ಎಲ್ಲರ ತಾಟಿನಲ್ಲಿರುವುದು ತಮ್ಮ ತಾಟಿನಲ್ಲಿಯೂ ಇರಬೇಕು. ಎಲುಬಿನ ಮೇಲಿನ ತುಂಡಾಗಿಯೇ ಇರಬೇಕು, ಒಸಡಿಗೆ ಸೋಲಬೇಕು. ಇದು ಸಾಧ್ಯವೇ?

ಸಾಧ್ಯವೆಂಬುದಕ್ಕೆ ಸುಳಿವು ಸಿಕ್ಕಿದ್ದು ಮಗನ ಮೊಬೈಲಿನಲ್ಲಿ. ಪಾಶ್ಚಾತ್ಯರ ಕ್ರಿಸ್‌ಮಸ್ಸಿನ ಮೇಜಿನ ಚಿತ್ರವೊಂದು. ನಡುವೆ ಎಲುಬು ಸಮೇತ ಅಖಂಡವಾಗಿ ಸುಟ್ಟ ಮಾಂಸ. ಅದನ್ನು ಕೊಯ್ಯುವ ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಅದರ ಹೆಸರು ಪ್ರೈಮ್ ರಿಬ್. ದನದ ಹದಿಮೂರು ಜೊತೆ ಪಕ್ಕೆಲುಬುಗಳಲ್ಲಿ ಆರನೆಯದರಿಂದ ಹನ್ನೆರಡನೆಯದರವರೆಗಿನ ಭಾಗವದು. ಕಲಘಟಗಿಯ ಆ ಮನೆಯಲ್ಲಿ ಆ ಮಾಂಸದ ಮಾತೇ ಬರುವಂತಿಲ್ಲ. ಅಲ್ಲಿ ಮಟನ್ ಎಂದರೆ ಕುರಿ, ಇಲ್ಲವಾದರೆ ಆಡು. ಆದರೆ ಪದಾರ್ಥ ದಾಟಿ ಬಾರದಿದ್ದರೂ ಯುಕ್ತಿ ದಾಟಿ ಬರಬಹುದಷ್ಟೆ. ಸಾಮಾನ್ಯವಾಗಿ ಕುರಿಗೂ ಪಕ್ಕೆಲುಬುಗಳು ಹದಿಮೂರು ಜೊತೆಯೇ. ಅವುಗಳ ಬುಡದಲ್ಲಿ ಬೆನ್ನುಮೂಳೆಯ ಪಕ್ಕಕ್ಕೆ ಅದೇ ಸ್ನಾಯು ಮಲಗಿದೆ.

ಆ ಸ್ನಾಯುವಿನ ವೈಶಿಷ್ಟ್ಯವೇನೆಂದರೆ ಅದರ ಸೋಮಾರಿತನ. ಕುರಿ ಅಡವಿಯಲ್ಲಿ ಅಲೆದಾಡುವಾಗ ದುಡಿಯುವವು ಕಾಲು, ಭುಜ ಮತ್ತು ಕುತ್ತಿಗೆ. ಬೆನ್ನಿನ ಮಾಂಸ ಹೆಚ್ಚುಕಡಿಮೆ ಸವಾರಿ ಮಾಡುತ್ತಿರುತ್ತದೆ. ದುಡಿಯುವ ಸ್ನಾಯುವಿಗೆ ಬಿಗಿ ಬೇಕು. ಆ ಬಿಗಿಯನ್ನು ಕೊಡುವುದು ಕೊಲಾಜನ್ ಎಂಬ ನಾರಿನ ಪದಾರ್ಥ. ಪ್ರಾಣಿಗೆ ವಯಸ್ಸಾದಂತೆ ಈ ನಾರು ಗಂಟುಬಿದ್ದು ಕರಗಲಾರದಷ್ಟು ಗಟ್ಟಿಯಾಗುತ್ತದೆ. ಆದುದರಿಂದ ಮುದಿ ಕುರಿಯ ತೊಡೆಯ ಮಾಂಸವೂ ಎಳೆಯ ಕುರಿಯ ಬೆನ್ನಿನ ಮಾಂಸವೂ ಹೆಸರಿಗೆ ಒಂದೇ. ಹಲ್ಲಿಗೆ ಬೇರೆ ಬೇರೆ.

ಇನ್ನು ಬೆಂಕಿಯ ವಿಚಾರ. ಮಾಂಸದಲ್ಲಿ ಒಂದೇ ಕಾಲಕ್ಕೆ ಎರಡು ಕೆಲಸಗಳು ನಡೆಯುತ್ತವೆ, ಎರಡೂ ಒಂದಕ್ಕೊಂದು ವಿರುದ್ಧ. ಶಾಖ 50 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಮಾಂಸದ ಎಳೆಗಳು ಮುದುಡತೊಡಗುತ್ತವೆ. 65ರಿಂದ 70ರ ಹೊತ್ತಿಗೆ, ಒದ್ದೆ ಬಟ್ಟೆಯನ್ನು ಹಿಂಡಿದಂತೆ, ತಮ್ಮೊಳಗಿನ ರಸವನ್ನು ಹೊರಗೆ ಹಿಂಡುತ್ತವೆ. ಇತ್ತ ಕೊಲಾಜನ್ ಸುಮಾರು 60 ಡಿಗ್ರಿಯ ಮೇಲೆ ನಿಧಾನವಾಗಿ, 80ರ ಮೇಲೆ ಚುರುಕಾಗಿ ಕರಗಿ ಜೆಲಟಿನ್ ಎಂಬ ಮೃದುವಾದ ಅಂಟಾಗುತ್ತದೆ. ಎಲುಬಿನ ಸಾರು ತಣ್ಣಗಾದಾಗ ಹೆಪ್ಪುಗಟ್ಟುವುದು ಇದೇ ಅಂಟಿನಿಂದ. ಎಳೆ ಮುದುಡಲು ನಿಮಿಷಗಳು ಸಾಕು. ನಾರು ಕರಗಲು ಗಂಟೆಗಳು ಬೇಕು. ಅವಸರದ ಅಡುಗೆಯಲ್ಲಿ ಮೊದಲನೆಯ ಕೆಲಸ ಮುಗಿದಿರುತ್ತದೆ, ಎರಡನೆಯದು ಆಗಿರುವುದಿಲ್ಲ. ರಬ್ಬರಿನಂತಹ ತುಂಡು ಹುಟ್ಟುವುದು ಅಲ್ಲಿಯೇ.

ಪಾಶ್ಚಾತ್ಯರು ತಮ್ಮ ಪ್ರೈಮ್ ರಿಬ್ಬನ್ನು ಒಳಗೆ ಸುಮಾರು 55 ಡಿಗ್ರಿಗೇ ನಿಲ್ಲಿಸಿ, ನಡುವೆ ಕೆಂಪಾಗಿರುವಂತೆಯೇ ಬಡಿಸುತ್ತಾರೆ. ಆ ರುಚಿ ಕಲಘಟಗಿಯ ತಾಟಿಗೆ ಒಪ್ಪುವಂತಹುದಲ್ಲ. ವೃದ್ಧರಿಗೆ ಅದು ಹಿತವೂ ಅಲ್ಲ. ಇಲ್ಲಿ ಮಾಂಸ ಪೂರ್ಣವಾಗಿ ಬೇಯಬೇಕು. ಅಂದಮೇಲೆ ಉಳಿದಿರುವ ದಾರಿ ಒಂದೇ: ನಾರು ಕರಗುವವರೆಗೆ ಸಣ್ಣ ಶಾಖದಲ್ಲಿ, ಮುಚ್ಚಿದ ಪಾತ್ರೆಯಲ್ಲಿ, ಅದಕ್ಕೆ ಕಾಲಾವಕಾಶ ಕೊಡುವುದು.

ಕುಕ್ಕರಿನ ಅಭಿಮಾನಿಗಳು ಇಲ್ಲಿ ಆಕ್ಷೇಪವೆತ್ತಬಹುದು. ಅವರ ಪಕ್ಷವೂ ಬಲವಾದುದೇ. ಉಗಿಯನ್ನು ಬಂಧಿಸಿ ಬೇಯಿಸುವ ಉಪಾಯವನ್ನು ಫ್ರಾನ್ಸ್ ದೇಶದ ಡೆನಿಸ್ ಪಾಪಿನ್ ಎಂಬವನು 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿಕೊಟ್ಟ. 1682ರಲ್ಲಿ ಆ ಸಂಸ್ಥೆಯ ಸದಸ್ಯರು ಅವನ ಪಾತ್ರೆಯಲ್ಲಿ ಬೆಂದ ಊಟವನ್ನುಂಡು, ಗಟ್ಟಿ ಎಲುಬುಗಳು ಗಿಣ್ಣಿನಂತೆ ಮೆತ್ತಗಾದುದನ್ನು ಕಂಡು ಬೆರಗಾದರು. ಭಾರತದಲ್ಲಿ ಪ್ರೆಶರ್ ಕುಕ್ಕರಿನ ತಯಾರಿಕೆ ಆರಂಭವಾದದ್ದು 1959ರಲ್ಲಿ. ಅಂದಿನಿಂದ ಅದು ಉಳಿಸಿದ ಕಟ್ಟಿಗೆಗೂ ಗೃಹಿಣಿಯರ ಹೊತ್ತಿಗೂ ಲೆಕ್ಕವಿಲ್ಲ. ಅದರೊಳಗೆ ಶಾಖ ಸುಮಾರು 120 ಡಿಗ್ರಿಗೆ ಏರುವುದರಿಂದ ನಾರು ಬೇಗ ಕರಗುತ್ತದೆ ಎಂಬುದೂ ನಿಜ. ಆದರೆ ಅದೇ ಶಾಖ ಎಳೆಗಳ ರಸವನ್ನೂ ನಿರ್ದಾಕ್ಷಿಣ್ಯವಾಗಿ ಹಿಂಡುತ್ತದೆ. ಸಿಳ್ಳೆ ಎರಡು ಕಡಿಮೆಯಾದರೆ ರಬ್ಬರು. ಎರಡು ಹೆಚ್ಚಾದರೆ ಸೆಣಬಿನ ಹುರಿ. ರಸಭರಿತ ಎಸರಿಗೆ ಕುಕ್ಕರು ಉತ್ತಮ. ಅಖಂಡ ಪಕ್ಕೆಲುಬಿಗೆ ಅದು ಒರಟು ಚಿಕಿತ್ಸೆ.

ನಿಧಾನದ ಗುಣವನ್ನು ಬರೆದಿಟ್ಟವರಲ್ಲಿ ರಮ್‌ಫರ್ಡ್ ಕೌಂಟನ ಕಥೆ ಸ್ವಾರಸ್ಯವಾದುದು. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯ ಬವೇರಿಯಾ ರಾಜ್ಯದ ಸೇವೆಗೆ ಸೇರಿದ ಈ ವಿಜ್ಞಾನಿ, ಮ್ಯೂನಿಕ್ ನಗರದಲ್ಲಿ ಆಲೂಗಡ್ಡೆ ಒಣಗಿಸುವ ಯಂತ್ರದಲ್ಲಿ ಮಾಂಸ ಬೇಯುವುದೋ ಎಂದು ಪರೀಕ್ಷಿಸಲು ಕುರಿಯ ಭುಜದ ತುಂಡೊಂದನ್ನು ಇಟ್ಟ. ಮೂರು ಗಂಟೆ ಕಳೆದರೂ ಅದು ಬೇಯುವ ಲಕ್ಷಣ ಕಾಣಲಿಲ್ಲ. ಬೇಸತ್ತು ಅದನ್ನು ಅಡುಗೆಯ ಹೆಂಗಸರ ವಶಕ್ಕೆ ಬಿಟ್ಟು ಹೋದ. ಅವರು ಅದನ್ನು ರಾತ್ರಿಯೆಲ್ಲ ಯಂತ್ರದಲ್ಲಿಯೇ ಬಿಟ್ಟಿದ್ದರು. ಬೆಳಗ್ಗೆ ನೋಡಿದರೆ ಮಾಂಸ ಹದವಾಗಿ ಬೆಂದು ಅಪೂರ್ವ ರುಚಿ ಪಡೆದಿತ್ತು. 1799ರ ಸುಮಾರಿನಲ್ಲಿ ಇದನ್ನು ಬರೆದ ಮಹಾಶಯ ವಿಜ್ಞಾನದ ಕೀರ್ತಿ ಪಡೆದ. ರಾತ್ರಿ ಆ ಯಂತ್ರದ ಬಾಗಿಲು ತೆರೆಯದಿದ್ದ ಹೆಂಗಸರ ಹೆಸರು ಯಾರಿಗೂ ತಿಳಿಯದು.

ಕನ್ನಡ ನೆಲಕ್ಕೂ ಈ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಭಾಗವಿದ್ದು, ಮಾಂಸವನ್ನು ಕಂಬಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮವನ್ನು ಅಲ್ಲಿ ವಿವರಿಸಲಾಗಿದೆ. ರಾಜರ ಕೆಂಡಕ್ಕೆ ಕಾವಲುಗಾರರಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಏಕೆಂದರೆ ನಿಧಾನದ ಅಡುಗೆಯನ್ನು ಹೊಗಳುವುದು ಸುಲಭ. ಆ ನಿಧಾನ ಯಾರದು ಎಂದು ಕೇಳುವುದು ಕಷ್ಟ. ಕಲಘಟಗಿಯ ಮನೆಯಲ್ಲಿ ಈ ಮಾತು ಬಂದಾಗ ಮಗನು ಉತ್ಸಾಹದಿಂದ ತನ್ನ ಬಾಲ್ಯದ ರವಿವಾರಗಳನ್ನು ನೆನೆದ. ಬಡಗಿಯ ಅಂಗಳದಿಂದ ತಂದ ಮರದ ಹೊಟ್ಟನ್ನು ತಗಡಿನ ಡಬ್ಬಿಯಲ್ಲಿ ಒತ್ತಿ ತುಂಬಿ, ನಡುವೆ ಬಾಟಲಿ ನಿಲ್ಲಿಸಿ ತೂತು ಬಿಟ್ಟು, ಕೆಳಗಿನಿಂದ ಹೊತ್ತಿಸಿದ ಹೊಟ್ಟಿನ ಒಲೆ. ಅದರ ಮೇಲೆ ಬೆಳಗಿನಿಂದ ಕುದಿಯುವ ಗಡಿಗೆ. ಎಲುಬಿನಿಂದ ತಾನಾಗಿ ಕಳಚುವ ಮಾಂಸ! “ಆವಾಗಿನ ಖಂಡ ಎಷ್ಟ್ ಮೆತ್ತಗಿರತಿತ್ತಲ್ಲಬೇ ಯವ್ವಾ,” ಎಂದ.

ತಾಯಿಯ ಉತ್ತರ ಕೂಡಲೇ ಬಂದಿತು. “ಮೆತ್ತಗಿತ್ತು ಖರೇ. ಹೊಗಿ ಕುಡದ ಈ ಕಣ್ಣಿಗೆ ಕೇಳು, ಹೆಂಗ ಮೆತ್ತಗಾತಂತ.”

ಮಾತು ಅಲ್ಲಿಗೆ ನಿಂತಿತು. ನಿಲ್ಲಬೇಕಾದದ್ದೂ ಅಲ್ಲಿಯೇ. ಹಿಂದಿನ ಕಾಲದ ಮೆದು ಮಾಂಸದ ಹಿಂದೆ ಒಲೆಯ ಮುಂದೆ ಕುಳಿತ ಒಬ್ಬಳ ಅರ್ಧ ದಿನವಿತ್ತು. ಆರು ದಿನ ಶಾಲೆಯಲ್ಲಿ ದುಡಿದು ಬರುವ ಸೊಸೆಯ ಏಳನೆಯ ದಿನವನ್ನೂ ಒಲೆಗೆ ಒಪ್ಪಿಸಿ ಮಾವನವರ ತಾಟನ್ನು ಮೆತ್ತಗೆ ಮಾಡುವುದಾದರೆ ಅದು ಒಬ್ಬರ ಪಾಲನ್ನು ಕಿತ್ತು ಇನ್ನೊಬ್ಬರಿಗೆ ಬಡಿಸಿದಂತೆ. ಆದರೆ ಮ್ಯೂನಿಕ್ಕಿನ ಹೆಂಗಸರ ಕಥೆಯ ಸಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಧಾನದ ಅಡುಗೆ ಬೇಡುವುದು ಹೊತ್ತನ್ನು; ಕೈಯನ್ನಲ್ಲ. ಮುಚ್ಚಿದ ಪಾತ್ರೆ, ಸಣ್ಣ ಉರಿ ಇವೆರಡಿದ್ದರೆ ಎದುರಿಗೆ ಕುಳಿತು ಕಾಯಬೇಕಾದ ಅಗತ್ಯವಿಲ್ಲ. ಹಳೆಯ ಕಾಲದಲ್ಲಿ ಕಾವಲು ಬೇಕಾದದ್ದು ಮಾಂಸಕ್ಕಲ್ಲ, ಕಟ್ಟಿಗೆಯ ಉರಿಗೆ. ಇದನ್ನು ಅರಿತ ಮಗನು ಆ ಕೆಲಸವನ್ನು ತಾನೇ ವಹಿಸಿಕೊಂಡ. ಬಾಯಿಯಿಂದ ಹೊಗಳುವವರು ಕೈಯಿಂದ ಮಾಡತಕ್ಕದ್ದು ಎಂಬುದು ಅವನ ತಾಯಿಯ ತೀರ್ಪು.

ಅವನು ಅನುಸರಿಸಿದ ಕ್ರಮ ಯಾವ ಮನೆಗೂ ಒದಗುವಂತಹುದಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತ.

ಮೊದಲನೆಯದು ಆಯ್ಕೆ. ಎಳೆಯ ಕುರಿಯ ಪಕ್ಕೆಲುಬು ಸಪೂರವಾಗಿದ್ದು ಕೆಂಪು ಛಾಯೆ ಹೊಂದಿರುತ್ತದೆ, ಕೊಬ್ಬು ಬೆಳ್ಳಗಿರುತ್ತದೆ. ಬಲಿತ ಕುರಿಯ ಎಲುಬು ಅಗಲವಾಗಿ ಬಿಳಿಚಿರುತ್ತದೆ. ಬೆನ್ನಿನ ಭಾಗ ಸೇರಿದಂತೆ ಪಕ್ಕೆಲುಬಿನ ಅಖಂಡ ತುಂಡು ಸುಮಾರು 1.5 ಕಿಲೋ ಸಾಕು. ಅಂಗಡಿಯವರ ಕೈ ರೂಢಿಯಂತೆ ಮಾಂಸವನ್ನು ಕೊಚ್ಚಲು ಏಳುತ್ತದೆ. ಕೊಚ್ಚಬಾರದೆಂದು ಮೊದಲೇ ಹೇಳಬೇಕು. ಬೆನ್ನುಮೂಳೆಗೆ ಮಾತ್ರ ಸಂದುಸಂದಿಗೆ ಒಂದೊಂದು ಏಟು ಹಾಕಿಸಿದರೆ ಬೆಂದಮೇಲೆ ಎಲುಬಿಗೊಂದರಂತೆ ಕೊಯ್ಯುವುದು ಸುಲಭ.

ಎರಡನೆಯದು ಹಿಂದಿನ ದಿನದ ಉಪ್ಪು. ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಒಂದು ದಿನ ತಂಪಿನಲ್ಲಿದ್ದರೆ ಆ ಸೆಟೆತ ಸಡಿಲುತ್ತದೆ. ಆದುದರಿಂದ ಶನಿವಾರವೇ ತಂದು, ಸುಮಾರು 18 ಗ್ರಾಂ, ಅಂದರೆ ಮೂರು ಸಣ್ಣ ಚಮಚದಷ್ಟು ಉಪ್ಪನ್ನು ಎಲ್ಲ ಕಡೆಗೂ ತಿಕ್ಕಿ ಫ್ರಿಜ್ಜಿನಲ್ಲಿ ಇಡಬೇಕು. ಉಪ್ಪು ರಾತ್ರಿಯ ಹೊತ್ತಿನಲ್ಲಿ ಒಳಗಿಳಿದು, ಬೇಯುವಾಗ ರಸವನ್ನು ಹಿಡಿದಿಡಲು ಎಳೆಗಳಿಗೆ ನೆರವಾಗುತ್ತದೆ. ಹಸಿ ಪಪ್ಪಾಯಿಯ ತಿರುಳನ್ನು ಹಚ್ಚುವ ರೂಢಿಯೂ ಉಂಟು. ಅದರಲ್ಲಿರುವ ಪಪೇಯಿನ್ ಮಾಂಸದ ಎಳೆಗಳನ್ನೇ ಕಡಿಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಮೇಲ್ಭಾಗ ಹಿಟ್ಟಾಗಿ ಒಳಭಾಗ ಹಾಗೆಯೇ ಉಳಿಯುತ್ತದೆ. ಹೊತ್ತಿದ್ದವರಿಗೆ ಅದರ ಹಂಗು ಬೇಡ.

ಮೂರನೆಯದು ಬೇಯಿಸುವಿಕೆ. ರವಿವಾರ ಬೆಳಗ್ಗೆ ದಪ್ಪ ತಳದ ಪಾತ್ರೆಯಲ್ಲಿ ಹೆಚ್ಚಿದ ಉಳ್ಳಾಗಡ್ಡಿಯನ್ನು ಹಾಸಿ, ಅದರ ಮೇಲೆ ಎಲುಬು ಕೆಳಗಾಗಿ ಮಾಂಸವಿಟ್ಟು, ಅರ್ಧ ಬಟ್ಟಲು ನೀರು ಹಾಕಿ ಬಿಗಿಯಾಗಿ ಮುಚ್ಚಬೇಕು. ಓವನ್ ಇದ್ದ ಮನೆಯಲ್ಲಿ 130 ಡಿಗ್ರಿಯಲ್ಲಿ ಮೂರರಿಂದ ಮೂರೂವರೆ ಗಂಟೆ. ಇಲ್ಲದ ಮನೆಯಲ್ಲಿ ನೀರು ಒಂದು ಬಟ್ಟಲಿರಲಿ. ಮುಚ್ಚಳದ ಅಂಚಿಗೆ ಕಲಸಿದ ಗೋದಿಹಿಟ್ಟನ್ನು ಮೆತ್ತಿ, ರೊಟ್ಟಿಯ ಹಂಚನ್ನು ಒಲೆಯ ಮೇಲಿಟ್ಟು, ಹಂಚಿನ ಮೇಲೆ ಪಾತ್ರೆಯನ್ನಿರಿಸಿ, ಅತಿ ಸಣ್ಣ ಉರಿಯಲ್ಲಿ ಅಷ್ಟೇ ಹೊತ್ತು ಬಿಡಬೇಕು. ಉರಿ ನೇರವಾಗಿ ತಾಗದಂತೆ ಹಂಚು ತಡೆಯುತ್ತದೆ. ಆದರೆ ನಿಧಾನವೆಂದರೆ ಉಗುರುಬೆಚ್ಚಗೆ ಇಡುವುದೆಂದು ಯಾರೂ ಭಾವಿಸಬಾರದು. ಅಂತಹ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟ ಮಾಂಸ ಕೆಡುತ್ತದೆ. ಪಾತ್ರೆಯೊಳಗೆ ಸದಾ ಹಬೆಯಾಡುತ್ತಿರಬೇಕು. ಎಲುಬಿನ ತುದಿಯಿಂದ ಮಾಂಸ ಒಂದು ಬೆರಳಿನಷ್ಟು ಹಿಂದಕ್ಕೆ ಸರಿದು, ಕಡ್ಡಿ ಚುಚ್ಚಿದರೆ ತಡೆಯಿಲ್ಲದೆ ಇಳಿಯುವುದು ಹದದ ಗುರುತು.

ನಾಲ್ಕನೆಯದು ಬಣ್ಣ. ಮಾಂಸವನ್ನು ಮೊದಲು ಜೋರಾದ ಉರಿಗೆ ಹಿಡಿದರೆ ರಸ ಒಳಗೇ ಬಂಧಿತವಾಗುವುದೆಂದು 1847ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಬರೆದ. ಲೋಕ ಬಹುಕಾಲ ಅದನ್ನು ನಂಬಿತು. ಹುರಿದ ಮೇಲ್ಮೈ ರಸವನ್ನು ತಡೆಯಲಾರದೆಂದು ಮುಂದಿನ ಪ್ರಯೋಗಗಳು ತೋರಿಸಿಕೊಟ್ಟಿವೆ. ಹುರಿಯುವುದು ಪರಿಮಳಕ್ಕೆ, ಅದನ್ನು ಕೊನೆಯಲ್ಲಿ ಮಾಡಿದರೂ ನಡೆಯುತ್ತದೆ. ಮಸಾಲೆಯ ದೃಷ್ಟಿಯಿಂದ ಕೊನೆಯೇ ಮೇಲು, ಮೊದಲೇ ಹಚ್ಚಿದ ಖಾರ ಹೊತ್ತಿ ಕಹಿಯಾಗುತ್ತದೆ. ಹುಬ್ಬಳ್ಳಿಯ ಸಾವಜಿ ಖಾನಾವಳಿಗಳ ಖಾರ ಹೆಸರಾಂತದ್ದೇನೋ ನಿಜ. ಆದರೆ ಒಸಡು ನೊಂದವರಿಗೆ ಅದು ತಕ್ಕುದಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ಆರು, ಹುರಿದ ಕೊತ್ತಂಬರಿ ಬೀಜ, ಸ್ವಲ್ಪ ಕಾಳುಮೆಣಸು, ಹತ್ತು ಎಸಳು ಬೆಳ್ಳುಳ್ಳಿ, ಹುರಿದ ಒಣಕೊಬ್ಬರಿ ಇಷ್ಟನ್ನು ಅರೆದು ಎಣ್ಣೆಯೊಡನೆ ಬೆಂದ ಮಾಂಸಕ್ಕೆ ಲೇಪಿಸಿ, 220 ಡಿಗ್ರಿಯಲ್ಲಿ ಹತ್ತು ನಿಮಿಷ, ಅಥವಾ ಕಾದ ಹಂಚಿನ ಮೇಲೆ ಎರಡೂ ಮಗ್ಗುಲು ಕೆಂಪಾಗುವವರೆಗೆ ಇಟ್ಟರೆ ಸಾಕು.

ಐದನೆಯದು ವಿಶ್ರಾಂತಿ. ಇಳಿಸಿದ ಕೂಡಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು. 20 ನಿಮಿಷ ಸುಮ್ಮನೆ ಬಿಟ್ಟರೆ ಆ ರಸ ಮಂದವಾಗಿ ಮಾಂಸದಲ್ಲಿಯೇ ನಿಲ್ಲುತ್ತದೆ. ಬಳಿಕ ಎಳೆಗಳಿಗೆ ಅಡ್ಡಲಾಗಿ ಕೊಯ್ಯಬೇಕು. ಉದ್ದದ ಎಳೆಯನ್ನು ಚಾಕು ತುಂಡರಿಸಿದಷ್ಟೂ ಹಲ್ಲಿನ ಕೆಲಸ ಕಡಿಮೆ.

ಮೊದಲ ಸಲವೇ ಎಲ್ಲವೂ ಹದವಾಗಿ ಬಂದಿತೆಂದು ಹೇಳುವಂತಿಲ್ಲ. ಎರಡೂವರೆ ಗಂಟೆಗೇ ಮಗನ ತಾಳ್ಮೆ ಮುಗಿದು ಮುಚ್ಚಳ ತೆರೆದ; ತಾಯಿ ಕಡ್ಡಿ ಚುಚ್ಚಿ ನೋಡಿ, ಮಾತಾಡದೆ ಮುಚ್ಚಳವನ್ನು ಮತ್ತೆ ಮುಚ್ಚಿದಳು. ಊಟ ಒಂದು ಗಂಟೆ ತಡವಾಯಿತು. ಸೊಸೆ ಆ ಹೊತ್ತಿನಲ್ಲಿ ಹೊರಗಿನ ಕಟ್ಟೆಯ ಮೇಲೆ ಕುಳಿತು ವಾರಪತ್ರಿಕೆಯ ಧಾರಾವಾಹಿಯ ಎರಡು ಕಂತುಗಳನ್ನು ಓದಿ ಮುಗಿಸಿದಳು.

ಮಾಸ್ತರರ ತಾಟಿಗೂ ಉಳಿದವರಂತೆ ಒಂದು ಪಕ್ಕೆಲುಬು ಬಂದಿತು. ಅವರು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಬೆರಳಿನಿಂದ ಒತ್ತಿದಾಗ ಮಾಂಸ ಎಲುಬಿನಿಂದ ಕಳಚಿ ರೊಟ್ಟಿಯ ಮೇಲೆ ಬಿದ್ದಿತು. ಒಂದು ತುತ್ತು ತಿಂದರು. ನಾಲಗೆ ಮತ್ತು ಅಂಗುಳದ ನಡುವೆಯೇ ಅದು ಒಡೆಯಿತು. ಹೊಗಳಲಿಲ್ಲ. ಇನ್ನೊಂದು ಎಲುಬನ್ನು ತಾವಾಗಿಯೇ ಕೇಳಿದರು. ಆ ಮನೆಯಲ್ಲಿ ಅವರು ಹಾಗೆ ಕೇಳಿ ಎಷ್ಟು ತಿಂಗಳಾಗಿದ್ದವೋ ಯಾರೂ ಎಣಿಸಿರಲಿಲ್ಲ. ಆದರೆ ಬಡಿಸುತ್ತಿದ್ದ ಸೊಸೆಯ ಕೈ ಒಂದು ಕ್ಷಣ ನಿಂತಿತು. ಹಲ್ಲಿನ ಸೆಟ್ಟಿನ ಮಾತು ಅಂದೇ ಹೊರಬಂದಿತು. ಹೊಟ್ಟೆ ತುಂಬಿದ ಸಮಾಧಾನದಲ್ಲಿ, ಅದು ಎಲ್ಲಿ ಒತ್ತುತ್ತದೆಂಬುದನ್ನು ಮಾಸ್ತರರು ತಾವೇ ಮಗನಿಗೆ ತೋರಿಸಿದರು. ಅದನ್ನು ತಿದ್ದಿಸಲು ಆದ ಖರ್ಚು ಅವರು ಅಂಜಿದ್ದಕ್ಕಿಂತ ಎಷ್ಟೋ ಕಡಿಮೆಯಾಗಿತ್ತು.

ಪ್ರತಿ ರವಿವಾರ ಈ ಅಡುಗೆ ನಡೆಯುವುದು ಸಾಧ್ಯವಿಲ್ಲ. ಪಕ್ಕೆಲುಬಿನ ಅಖಂಡ ತುಂಡು ಸೋವಿಯೂ ಅಲ್ಲ. ತಿಂಗಳಿಗೊಮ್ಮೆ ನಡೆದರೂ ಸಾಕು. ನಡುವಿನ ವಾರಗಳಲ್ಲಿ ಮೊಟ್ಟೆ, ಮೊಸರು, ಚೆನ್ನಾಗಿ ಬೆಂದ ಬೇಳೆ, ನೆನೆಸಿ ಮೆತ್ತಗೆ ಬೇಯಿಸಿದ ಕಾಳು ಇವು ಅದೇ ಪುಷ್ಟಿಯನ್ನು ಕಡಿಮೆ ಖರ್ಚಿನಲ್ಲಿ ಕೊಡುತ್ತವೆ. ಮಾಂಸ ಮುಟ್ಟದ ಮನೆಗಳಿಗೆ ವಾರವಿಡೀ ಇವೇ ಆಧಾರ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಊಟವಾದ ಮೇಲೆ ಹಿರಿಯರ ತಾಟಿನತ್ತ ಒಮ್ಮೆ ನೋಡುವುದು. ಬಾಯಿ ಹೇಳದ ಎಷ್ಟೋ ಸಂಗತಿಗಳನ್ನು ರೊಟ್ಟಿಯ ಚೂರಿನ ಅಡಿಯಲ್ಲಿ ಉಳಿದ ತುಂಡು ಹೇಳಿಬಿಡುತ್ತದೆ.

ಪಾತ್ರೆಯ ತಳದಲ್ಲಿ ಉಳಿದ ಉಳ್ಳಾಗಡ್ಡಿಯ ರಸವನ್ನೂ ಚೀಪಿದ ಎಲುಬುಗಳನ್ನೂ ಎಸೆಯಬಾರದು. ನಾಲ್ಕು ಬಟ್ಟಲು ನೀರು, ಒಂದು ಚಿಟಿಕೆ ಅರಿಸಿನ, ಜಜ್ಜಿದ ಶುಂಠಿ ಸೇರಿಸಿ ಸಂಜೆಯವರೆಗೆ ಸಣ್ಣಗೆ ಕುದಿಸಿದರೆ ರಾತ್ರಿಯ ಅನ್ನಕ್ಕೆ ಸಾರಾಗುತ್ತದೆ. ಅದನ್ನು ಕುಡಿಯಲು ಹಲ್ಲೂ ಬೇಡ, ಹಸಿವೂ ಅಷ್ಟಾಗಿ ಬೇಡ. ಬಿಸಿಯಿರುವಾಗಲೇ ಬಟ್ಟಲನ್ನು ಹಿರಿಯರ ಕೈಗೆ ಕೊಟ್ಟು ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಆಯಿತು.